ಡಬ್ಲ್ಯೂ ಬೋಸಾನ್ ಗಲಾಟೆ: ಅಷ್ಟಕ್ಕೂ ಕಣಗಳಿಗೆ ಮಾಸ್ ಬರುವುದು ಎಲ್ಲಿಂದ?

2022ರ ಎಪ್ರಿಲಲ್ಲಿ ಒಂದು ಸುದ್ದಿ ಬಂತು. ಅಮೆರಿಕದ ಫರ್ಮಿಲ್ಯಾಬಿನ ಸಿಡಿಎಫ್ ತಂಡದವರು ಡಬ್ಲ್ಯೂ ಬೋಸಾನ್ ಅಂತ ಒಂದು ಕಣದ ಮಾಸ್ (ದ್ರವ್ಯರಾಶಿ) ಅಳೆದಿದ್ದಾರೆ, ಅದು ಸ್ಟಾಂಡರ್ಡ್ ಮಾಡೆಲ್ ಅನ್ನುವ ಈಗಿನ ಥಿಯರಿ ಹೇಳಿದ್ದಕ್ಕಿಂತ ಜಾಸ್ತಿ ಬಂದಿದೆ, ಇನ್ನು ಫಿಸಿಕ್ಸ್ ಪುಸ್ತಕ ಪುನಃ ಬರೀಬೇಕಾದೀತು ಅಂತ. 2024ರ ಸೆಪ್ಟೆಂಬರಲ್ಲಿ ಅದಕ್ಕೆ ಪೂರಾ ಉಲ್ಟಾ, ಜಿನೀವಾ ಹತ್ತಿರದ ಸರ್ನ್‌ನಲ್ಲಿ ಸಿಎಂಎಸ್ ತಂಡ ಅದೇ ಕಣವನ್ನು ಅಳೆದು ಥಿಯರಿ ಸರಿಯೇ ಉಂಟು ಅಂತ ಹೇಳಿತು. ಈಗ ಮಂಗಳೂರು ಉಡುಪಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಈ ಎರಡೂ ಸುದ್ದಿ ತಾರೀಕಿಲ್ಲದೆ ಒಟ್ಟೊಟ್ಟಿಗೆ ತಿರುಗ್ತಾ ಉಂಟು, ಕೆಳಗೆ ಯಾರಾದ್ರೂ ಒಬ್ಬರು ಕೇಳಿಯೇ ಕೇಳ್ತಾರೆ, "2012ರಲ್ಲೇ ದೇವಕಣ ಸಿಕ್ಕಿದೆ, ಅದೇ ಎಲ್ಲದಕ್ಕೂ ಮಾಸ್ ಕೊಡುವುದು ಅಂತ ಹೇಳಿದ್ರಲ್ಲ ಮಾರ್ರೆ, ಮತ್ತೆ ಇದು ಎಂತ ಹೊಸ ಜಗಳ?"

ಪ್ರಶ್ನೆ ನ್ಯಾಯದ್ದೇ. ಆ ದೇವಕಣದ ಸರಿಯಾದ ಹೆಸರು ಹಿಗ್ಸ್ ಬೋಸಾನ್. ಗೊಂದಲ ಆಗುವುದು "ಹಿಗ್ಸ್ ಎಲ್ಲದಕ್ಕೂ ಮಾಸ್ ಕೊಡ್ತದೆ" ಎನ್ನುವ ಆ ಒಂದು ಸಾಲಿನಿಂದ, ಯಾಕೆಂದ್ರೆ ಅದರೊಳಗೆ ಬೇರೆ ಬೇರೆ ವಿಷಯ ಕಲಸಿ ಹೋಗಿದೆ. ಡಬ್ಲ್ಯೂ ಬೋಸಾನಿಗೆ ಮಾಸ್ ಬರುವ ದಾರಿ ಬೇರೆ, ಎಲೆಕ್ಟ್ರಾನಿಗೆ ಬರುವ ದಾರಿ ಸ್ವಲ್ಪ ಬೇರೆ, ನಮ್ಮ ಮೈಯಲ್ಲಿರುವ ಪ್ರೋಟಾನಿನ ಮಾಸಿಗೂ ಹಿಗ್ಸಿಗೂ ಸಂಬಂಧ ತೀರಾ ಕಮ್ಮಿ, ನ್ಯೂಟ್ರಿನೋ ಅಂತ ಗುರುತೇ ಬಿಡದೆ ಹೋಗುವ ತೀರಾ ಹಗುರ ಕಣದ್ದು ಯಾರಿಗೂ ಗೊತ್ತಿಲ್ಲ. ಈಗಿನ ಜಗಳ ಇರುವುದು ಮೊದಲನೇದರ ಬಗ್ಗೆ ಮಾತ್ರ. ಅದೂ ಸಹ ಮಾಸ್ ಎಲ್ಲಿಂದ ಬಂತು ಅಂತ ಅಲ್ಲ, ಬಂದದ್ದು ಲೆಕ್ಕಕ್ಕೆ ಸರಿಯಾಗಿ ಕೂರ್ತದಾ ಇಲ್ವಾ ಅಂತ.

ಎಷ್ಟರ ವ್ಯತ್ಯಾಸಕ್ಕೆ ಇಷ್ಟು ಗಲಾಟೆ

ಕಣಗಳ ಮಾಸನ್ನು ಗ್ರಾಮಿನಲ್ಲಿ ಹೇಳಿದ್ರೆ ಬರೀ ಸೊನ್ನೆಗಳೇ ಆಗ್ತವೆ, ಹಾಗಾಗಿ ಎನರ್ಜಿಯ ಲೆಕ್ಕದಲ್ಲಿ ಹೇಳುವುದು ರೂಢಿ. ಐನ್‌ಸ್ಟೈನ್ ಸೂತ್ರದ ಪ್ರಕಾರ ಮಾಸ್ ಅಂದ್ರೆ ಸುಮ್ನೆ ಕೂತ ಕಣದೊಳಗಿನ ಎನರ್ಜಿ ಅಷ್ಟೆ. ಯೂನಿಟ್ಟು ಮೆಗಾ ಎಲೆಕ್ಟ್ರಾನ್ ವೋಲ್ಟ್, ಅಂದ್ರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್, ಚಿಕ್ಕದಾಗಿ ಎಂಇವಿ. ಎಲೆಕ್ಟ್ರಾನಿನ ಮಾಸ್ 0.511 ಎಂಇವಿ. ಇದು ಪುಸ್ತಕದ ನಂಬರ್ ಮಾತ್ರ ಅಲ್ಲ, ಆಸ್ಪತ್ರೆಯಲ್ಲಿ ಪೆಟ್ ಸ್ಕ್ಯಾನ್ ಮಾಡುವಾಗ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ (ಎಲೆಕ್ಟ್ರಾನಿನಷ್ಟೇ ಮಾಸ್, ಉಲ್ಟಾ ಚಾರ್ಜ್ ಇರುವ ಅದರ ಆಂಟಿ ಕಣ) ಒಂದಕ್ಕೊಂದು ತಾಗಿ ಎರಡೂ ಇಲ್ಲದಾಗಿ ಅವುಗಳ ಮಾಸ್ ಪೂರಾ ಗಾಮಾ ಕಿರಣ ಆಗಿ ಹೊರಗೆ ಬರ್ತದೆ, ಒಂದೊಂದು ಕಿರಣಕ್ಕೆ ಸರಿಯಾಗಿ 0.511 ಎಂಇವಿ, ಮೆಷಿನ್ ಹಿಡಿಯುವುದು ಅದನ್ನೇ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಮೈಕ್ರೋಟ್ರಾನ್ ಅಂತ ಒಂದು ಯಂತ್ರ ಉಂಟು, ಎಲೆಕ್ಟ್ರಾನುಗಳನ್ನು 8 ಎಂಇವಿವರೆಗೆ ಓಡಿಸ್ತದೆ. ಡಬ್ಲ್ಯೂ ಬೋಸಾನಿನ ಮಾಸ್ ಅದಕ್ಕಿಂತ ಹತ್ತು ಸಾವಿರ ಪಟ್ಟು, 80 ಸಾವಿರ ಎಂಇವಿ ಮೇಲೆ. ಅಷ್ಟು ಎನರ್ಜಿಯನ್ನು ಒಂದು ಬಿಂದುವಿಗೆ ತುಂಬಿಸಿದ್ರೆ ಮಾತ್ರ ಆ ಕಣ ಹುಟ್ಟುವುದು, ಹಾಗಾಗಿಯೇ ಅಷ್ಟು ದೊಡ್ಡ ಯಂತ್ರ ಬೇಕಾದದ್ದು.

ಥಿಯರಿ ಹೇಳುವುದು 80,357 ಎಂಇವಿ, 6ರಷ್ಟು ಆಚೆ ಈಚೆ. ಸಿಡಿಎಫ್ ಅಳೆದದ್ದು 80,433.5, ಆಚೆ ಈಚೆ 9.4. ಸಿಎಂಎಸ್ ಅಳೆದದ್ದು 80,360.2, ಆಚೆ ಈಚೆ 9.9. ಅಂದ್ರೆ ಸಿಡಿಎಫ್ ಮತ್ತು ಥಿಯರಿ ನಡುವಿನ ಅಂತರ ಶೇಕಡಾ 0.1ಕ್ಕಿಂತಲೂ ಕಮ್ಮಿ. ಇಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನಿಸಬಹುದು, ಆದ್ರೆ ಇಲ್ಲಿ ನೋಡುವುದು ಅಂತರ ಎಷ್ಟು ಸಣ್ಣದು ಅಂತ ಅಲ್ಲ, ಅಳತೆಯ ಎರರಿಗಿಂತ ಎಷ್ಟು ಪಟ್ಟು ದೊಡ್ಡದು ಅಂತ. ಇದು ಸುಮಾರು ಏಳು ಪಟ್ಟು. ಈ ಫೀಲ್ಡಲ್ಲಿ ಐದು ಪಟ್ಟು ಬಂದ್ರೆ ಸಾಕು, ಹೊಸ ಆವಿಷ್ಕಾರ ಅಂತ ಕರೀಲಿಕ್ಕೆ.

ತೊಂದರೆ ಶುರುವಾದದ್ದು ಮಾಸ್ ಇರಬಾರದು ಅನ್ನುವಲ್ಲಿಂದ

ಕಣಕ್ಕೆ ಮಾಸ್ ಇರುವುದು ಸಹಜ, ಅದಕ್ಕೆ ವಿವರಣೆ ಯಾಕೆ ಬೇಕು ಅಂತ ಕೇಳಿದ್ರೆ ಉತ್ತರ ಸ್ವಲ್ಪ ತಿರುವು ಮುರುವು. 1950ರ ದಶಕದ ಕೊನೆಗೆ ಬರುವಾಗ ಭೌತ ವಿಜ್ಞಾನಿಗಳ ಕೈಯಲ್ಲಿ ಒಂದು ಒಳ್ಳೆ ಅಸ್ತ್ರ ಇತ್ತು, ಗೇಜ್ ಸಿಮೆಟ್ರಿ ಅಂತ, ಅಂದ್ರೆ ಲೆಕ್ಕ ಇಡುವ ರೀತಿಯನ್ನು ಜಾಗ ಜಾಗಕ್ಕೆ ಬದಲಿಸಿದ್ರೂ ಫಲಿತಾಂಶ ಬದಲಾಗಬಾರದು ಅನ್ನುವ ನಿಯಮ. ವಿದ್ಯುತ್ತು, ಅಯಸ್ಕಾಂತ, ಬೆಳಕು ಎಲ್ಲ ಆ ಒಂದೇ ನಿಯಮದಿಂದ ತಾನಾಗಿಯೇ ಹೊರಗೆ ಬರ್ತದೆ, ಲೆಕ್ಕ ದಶಮಾಂಶದ ಎಷ್ಟೋ ಸ್ಥಾನದವರೆಗೆ ಸರಿ ಬರ್ತದೆ. ಆದ್ರೆ ಆ ನಿಯಮಕ್ಕೆ ಒಂದು ಕರಾರು ಉಂಟು: ಫೋರ್ಸನ್ನು ಹೊತ್ತು ತರುವ ಕಣಕ್ಕೆ ಮಾಸ್ ಇರಬಾರದು. ಬೆಳಕಿನ ಕಣ ಫೋಟಾನಿಗೆ ಮಾಸ್ ಇಲ್ಲ, ಅಲ್ಲಿಗೆ ಎಲ್ಲ ಚಂದ.

ಇದೇ ಅಸ್ತ್ರವನ್ನು ವೀಕ್ ಫೋರ್ಸಿಗೆ ಬಳಸ್ಲಿಕ್ಕೆ ಹೋದಾಗ ಸಿಕ್ಕಿಬಿದ್ರು. ವೀಕ್ ಫೋರ್ಸ್ ಅಂದ್ರೆ ಸೂರ್ಯನೊಳಗೆ ಹೈಡ್ರೋಜನ್ ಹೀಲಿಯಂ ಆಗುವಾಗ ಪ್ರೋಟಾನನ್ನು ನ್ಯೂಟ್ರಾನ್ ಮಾಡುವ ಬಲ, ರೇಡಿಯೋ ಆಕ್ಟಿವ್ ವಸ್ತುಗಳಲ್ಲಿ ಬೀಟಾ ಕಿರಣ ಬರುವುದು ಸಹ ಅದರಿಂದಲೇ. ಈ ಬಲ ನ್ಯೂಕ್ಲಿಯಸ್ಸಿಗಿಂತಲೂ ಸಣ್ಣ ದೂರದಲ್ಲಿ ಮಾತ್ರ ಕೆಲಸ ಮಾಡ್ತದೆ, ಹಾಗೆ ದೂರ ಸಣ್ಣ ಆಗ್ಬೇಕಾದ್ರೆ ಅದನ್ನು ತರುವ ಕಣ, ಅಂದ್ರೆ ನಮ್ಮ ಡಬ್ಲ್ಯೂ ಮತ್ತು ಅದರ ಜೊತೆಗಾರ ಝಡ್, ಭಾರೀ ಇರಲೇಬೇಕು. ಅಂದ್ರೆ ನಿಯಮ ಹೇಳ್ತದೆ ಮಾಸ್ ಸೊನ್ನೆ ಅಂತ, ಪ್ರಕೃತಿ ಹೇಳ್ತದೆ ಭಾರೀ ಮಾಸ್ ಅಂತ. ಹಾಗಾದ್ರೆ ಸಮೀಕರಣದಲ್ಲಿ ಮಾಸನ್ನು ಕೈಯಾರೆ ಸೇರಿಸಿದ್ರೆ ಆಗ್ಲಿಕ್ಕಿಲ್ವಾ? ಸೇರಿಸ್ಲಿಕ್ಕೆ ಬರ್ತದೆ, ಆದ್ರೆ ಎನರ್ಜಿ ಜಾಸ್ತಿ ಮಾಡ್ತಾ ಹೋದ ಹಾಗೆ ಲೆಕ್ಕ ಹಾಳಾಗ್ತದೆ, ಹತ್ತು ಲಕ್ಷ ಎಂಇವಿ ಆಸುಪಾಸಿಗೆ ಬರುವಾಗ ಎರಡು ಡಬ್ಲ್ಯೂ ಕಣ ಡಿಕ್ಕಿ ಆಗುವ ಸಂಭವ ನೂರಕ್ಕೆ ನೂರಕ್ಕಿಂತ ಹೆಚ್ಚು ಅಂತ ಉತ್ತರ ಬರ್ತದೆ, ಅದಕ್ಕೆ ಅರ್ಥವೇ ಇಲ್ಲ.

ಖಾಲಿ ಜಾಗ ಖಾಲಿ ಅಲ್ಲ ಅಂದವರು

ದಾರಿ ತೋರಿಸಿದ್ದು ಸೂಪರ್ ಕಂಡಕ್ಟರ್, ಅಂದ್ರೆ ತುಂಬ ತಣಿಸಿದಾಗ ವಿದ್ಯುತ್ತಿಗೆ ತಡೆಯೇ ಮಾಡದ ವಸ್ತು. ಅದರೊಳಗೆ ಹೋದ ಅಯಸ್ಕಾಂತ ಬಲ ಸ್ವಲ್ಪ ದೂರಕ್ಕೇ ಸತ್ತು ಹೋಗ್ತದೆ, ಅಂದ್ರೆ ಅಲ್ಲಿ ಫೋಟಾನ್ ಮಾಸ್ ಇದ್ದ ಹಾಗೆ ವರ್ತಿಸ್ತದೆ. ಇದನ್ನು ನೋಡಿ ಭೌತ ವಿಜ್ಞಾನಿ ಯೊಯಿಚಿರೊ ನಂಬು 1960ರ ಸುಮಾರಿಗೆ ಒಂದು ಐಡಿಯಾ ತಂದ್ರು: ನಿಯಮದಲ್ಲಿ ಸಿಮೆಟ್ರಿ ಇದ್ರೂ ಆ ನಿಯಮ ಪಾಲಿಸುವ ಜಾಗದಲ್ಲಿ ಸಿಮೆಟ್ರಿ ಇರಬೇಕು ಅಂತ ಏನಿಲ್ಲ. 1964ರಲ್ಲಿ ಮೂರು ಕಡೆ ಬೇರೆ ಬೇರೆ ಜನ ಇದನ್ನು ಫೋರ್ಸ್ ಕಣಗಳಿಗೆ ಜೋಡಿಸಿದ್ರು. ಮೊದಲು ಬೆಲ್ಜಿಯಂನಲ್ಲಿ ರಾಬರ್ಟ್ ಬ್ರೌಟ್ ಮತ್ತು ಫ್ರಾಂಸ್ವಾ ಎಂಗ್ಲರ್ಟ್, ನಂತರ ಎಡಿನ್‌ಬರೋದಲ್ಲಿ ಪೀಟರ್ ಹಿಗ್ಸ್, ಆಮೇಲೆ ಗುರಾಲ್ನಿಕ್, ಹೇಗನ್, ಕಿಬಲ್. ಹಿಗ್ಸ್ ಅವರ ಪೇಪರನ್ನು ಒಂದು ಜರ್ನಲ್ ವಾಪಸ್ ಕಳಿಸಿತ್ತು, ಅವರು ಇನ್ನೊಂದು ಕಡೆ ಕಳಿಸುವ ಮೊದಲು "ಹೀಗಾದ್ರೆ ಒಂದು ಹೊಸ ಕಣ ಸಿಗಬೇಕು" ಎಂಬರ್ಥದ ಮಾತು ಸೇರಿಸಿದ್ರು. ಹೆಸರು ಅವರಿಗೇ ಅಂಟಿಕೊಳ್ಳಲಿಕ್ಕೆ ಅದೂ ಒಂದು ಕಾರಣ. ಉಳಿದವರ ಪಾಲು ಏನೂ ಸಣ್ಣದಲ್ಲ, 2013ರ ನೊಬೆಲ್ ಬಂದಾಗ ಎಂಗ್ಲರ್ಟ್ ಮತ್ತು ಹಿಗ್ಸ್ ಇಬ್ಬರಿಗೆ ಮಾತ್ರ ಸಿಕ್ಕಿತು, ಬ್ರೌಟ್ 2011ರಲ್ಲೇ ತೀರಿಹೋಗಿದ್ರು.

ಐಡಿಯಾ ಹೀಗೆ. ಇಡೀ ವಿಶ್ವದಲ್ಲಿ ಒಂದು ಫೀಲ್ಡ್, ಅಂದ್ರೆ ಪ್ರತಿ ಬಿಂದುವಿನಲ್ಲೂ ಒಂದು ಬೆಲೆ ಇರುವಂಥದ್ದು, ಹರಡಿಕೊಂಡಿದೆ, ಅದೇ ಹಿಗ್ಸ್ ಫೀಲ್ಡ್. ಬೇರೆ ಫೀಲ್ಡುಗಳಿಗೆ ಅತಿ ಕಮ್ಮಿ ಎನರ್ಜಿಯ ಸ್ಥಿತಿ ಅಂದ್ರೆ ಸೊನ್ನೆ, ಅಂದ್ರೆ ಫೀಲ್ಡ್ ಆಫ್ ಆಗಿರುವುದು. ಹಿಗ್ಸ್ ಫೀಲ್ಡಿಗೆ ಹಾಗಲ್ಲ, ಅದು ಸೊನ್ನೆಯಲ್ಲಿ ಇರುವುದಕ್ಕೇ ಎನರ್ಜಿ ಜಾಸ್ತಿ ಬೇಕು, ಆನ್ ಆಗಿರುವುದೇ ಅದಕ್ಕೆ ಆರಾಮ. ಅದರ ಬೆಲೆ 2,46,000 ಎಂಇವಿ, ಎಲ್ಲ ಕಡೆಯೂ ಅಷ್ಟೇ, ಮಲ್ಪೆ ಕಡಲ ತಳದಲ್ಲೂ ಅಷ್ಟೇ ನಕ್ಷತ್ರಗಳ ನಡುವೆಯೂ ಅಷ್ಟೇ. ವಿಶ್ವ ಹುಟ್ಟಿದ ಮೊದಲ ಕ್ಷಣದಲ್ಲಿ, ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗ ಕಳೆಯುವವರೆಗೆ, ಬಿಸಿ ಎಷ್ಟಿತ್ತು ಅಂದ್ರೆ ಫೀಲ್ಡ್ ಸೊನ್ನೆಯಲ್ಲೇ ಇತ್ತು, ಆಗ ಎಲೆಕ್ಟ್ರಾನಿಗೂ ಡಬ್ಲ್ಯೂಗೂ ಈಗಿನ ಈ ಮಾಸ್ ಇರಲಿಲ್ಲ. ತಣಿದ ಮೇಲೆ ಫೀಲ್ಡ್ ಆನ್ ಆಯ್ತು, ಅದರ ಜೊತೆ ಸಂಬಂಧ ಇಟ್ಟುಕೊಂಡ ಕಣಗಳಿಗೆ ಮಾಸ್ ಬಂತು, ಸಂಬಂಧ ಇಲ್ಲದ ಫೋಟಾನ್ ಹಾಗೆಯೇ ಉಳೀತು.

ಇನ್ನೊಂದು ಸಂಗತಿ ಉಂಟು, ಎಲ್ಲರೂ ಬಿಟ್ಟುಬಿಡ್ತಾರೆ. ಈ ಫೀಲ್ಡಿಗೆ ನಾಲ್ಕು ಭಾಗ. ಮಾಸ್ ಇಲ್ಲದ ಫೋರ್ಸ್ ಕಣಕ್ಕೆ ಕಂಪಿಸ್ಲಿಕ್ಕೆ ಎರಡೇ ದಿಕ್ಕು, ಮಾಸ್ ಇದ್ದದ್ದಕ್ಕೆ ಮೂರು ಬೇಕು. ಆ ಮೂರನೇ ದಿಕ್ಕು ಎಲ್ಲಿಂದ ಬರ್ಬೇಕು? ಹಿಗ್ಸ್ ಫೀಲ್ಡಿನ ಮೂರು ಭಾಗಗಳನ್ನು ಪ್ಲಸ್ ಡಬ್ಲ್ಯೂ, ಮೈನಸ್ ಡಬ್ಲ್ಯೂ ಮತ್ತು ಝಡ್ ಎನ್ನುವ ಮೂರು ಕಣಗಳು ತಮ್ಮೊಳಗೆ ಸೇರಿಸಿಕೊಳ್ತವೆ. ಉಳಿದ ಒಂದು ಭಾಗ ಅಲುಗಿದಾಗ ಕಾಣುವುದೇ ಹಿಗ್ಸ್ ಬೋಸಾನ್, 2012ರ ಜುಲೈ 4ರಂದು ಸರ್ನ್ ಘೋಷಿಸಿದ್ದು ಅದನ್ನು, ಮಾಸ್ ಸುಮಾರು 1,25,000 ಎಂಇವಿ. ಹಾಗಾಗಿ ಬೋಸಾನ್ ಯಾರಿಗೂ ಮಾಸ್ ಹಂಚ್ಲಿಕ್ಕೆ ಹೋಗುವುದಿಲ್ಲ, ಅದು ಹುಟ್ಟಿದ ಕೂಡ್ಲೇ ಒಡೆದು ಹೋಗುವ ಕಣ. ಮಾಸ್ ಬರುವುದು ಫೀಲ್ಡಿನಿಂದ, ಫೀಲ್ಡ್ ನಿಜವಾಗ್ಲೂ ಉಂಟು ಅನ್ನುವುದಕ್ಕೆ ಬೋಸಾನ್ ಸಾಕ್ಷಿ, ಅಷ್ಟೆ.

ಕಂಬಳದ ಕೆಸರಿನ ಹೋಲಿಕೆ ಎಲ್ಲಿ ತಪ್ತದೆ

ನಮ್ಮ ಕಡೆ ಇದನ್ನು ವಿವರಿಸುವವರು ಸಾಮಾನ್ಯ ಕಂಬಳದ ಗದ್ದೆಯನ್ನು ತರ್ತಾರೆ, ಕೆಸರಲ್ಲಿ ಕೋಣ ಓಡುವಾಗ ಕೆಸರು ಹಿಡ್ಕೊಳ್ತದಲ್ಲ, ಹಾಗೆ ಹಿಗ್ಸ್ ಫೀಲ್ಡ್ ಕಣವನ್ನು ಹಿಡ್ಕೊಳ್ತದೆ, ಅದೇ ಮಾಸ್ ಅಂತ. ಕೇಳ್ಲಿಕ್ಕೆ ಸುಲಭ, ಆದ್ರೆ ತಪ್ಪು ದಾರಿಗೆ ಹಾಕ್ತದೆ. ಕೆಸರು ಓಟವನ್ನೇ ಕಮ್ಮಿ ಮಾಡ್ತದೆ, ಕೋಣ ಕಾಲು ಹಾಕುವುದು ನಿಲ್ಲಿಸಿದ್ರೆ ನಾಲ್ಕು ಹೆಜ್ಜೆಗೆ ನಿಂತು ಹೋಗ್ತದೆ. ಹಿಗ್ಸ್ ಫೀಲ್ಡ್ ಹಾಗೆ ಮಾಡಿದ್ರೆ ಖಾಲಿ ಆಕಾಶದಲ್ಲಿ ಹೋಗ್ತಾ ಇರುವ ಎಲೆಕ್ಟ್ರಾನ್ ತನ್ನಷ್ಟಕ್ಕೆ ನಿಧಾನ ಆಗಿ ನಿಲ್ಲಬೇಕಿತ್ತು, ಭೂಮಿ ಸೂರ್ಯನ ಸುತ್ತ ಸುತ್ತುವುದೂ ನಿಲ್ಲಬೇಕಿತ್ತು. ಮಾಸ್ ತಡೆಯುವುದು ಓಟವನ್ನಲ್ಲ, ಓಟದ ಬದಲಾವಣೆಯನ್ನು. ಒಂದೇ ಸ್ಪೀಡಲ್ಲಿ ಹೋಗುವ ಕಣಕ್ಕೆ ಹಿಗ್ಸ್ ಫೀಲ್ಡ್ ಯಾವ ಅಡ್ಡಿಯೂ ಮಾಡುವುದಿಲ್ಲ. ಹಾಗಾಗಿ ಆ ಹೋಲಿಕೆ ಮಕ್ಕಳಿಗೆ ಸಹ ಹೇಳದಿದ್ರೇ ಒಳ್ಳೇದು, ಒಮ್ಮೆ ತಲೆಯಲ್ಲಿ ಕೂತ್ರೆ ಆಮೇಲೆ ತೆಗೀಲಿಕ್ಕೆ ಕಷ್ಟ.

ಡಬ್ಲ್ಯೂ ಮಾಸ್ ಮೊದಲೇ ಹೇಳ್ಲಿಕ್ಕೆ ಹೇಗೆ ಆಗ್ತದೆ

ಈಗ ಜಗಳದ ಮೂಲಕ್ಕೆ ಬರುವಾ. 1967ರಲ್ಲಿ ಸ್ಟೀವನ್ ವೈನ್‌ಬರ್ಗ್, ಮರುವರ್ಷ ಅಬ್ದುಸ್ ಸಲಾಂ ಈ ಫೀಲ್ಡನ್ನು ಗ್ಲಾಶೋ ಮೊದಲೇ ಮಾಡಿದ್ದ ಮಾದರಿಗೆ ಜೋಡಿಸಿದ್ರು, 1971ರಲ್ಲಿ ಜೆರಾರ್ಡ್ ಟ್ ಹೂಫ್ಟ್ ಈ ಲೆಕ್ಕ ಎಲ್ಲಿಯೂ ಮುರಿಯುವುದಿಲ್ಲ ಅಂತ ತೋರಿಸಿದ್ರು, 1983ರಲ್ಲಿ ಡಬ್ಲ್ಯೂ ಮತ್ತು ಝಡ್ ಸರ್ನ್‌ನಲ್ಲೇ ಕಣ್ಣಿಗೆ ಬಿದ್ದವು. ಈ ಥಿಯರಿಯ ಶಕ್ತಿ ಎಂತದ್ದು ಅಂದ್ರೆ ಡಬ್ಲ್ಯೂ ಮಾಸನ್ನು ಅದು ಊಹೆ ಮಾಡುವುದಿಲ್ಲ, ಬೇರೆ ಅಳತೆಗಳಿಂದ ತೆಗೀತದೆ. ವಿದ್ಯುತ್ ಬಲ ಎಷ್ಟು, ಮ್ಯೂಆನ್ (ಎಲೆಕ್ಟ್ರಾನಿನ ಹಾಗೆಯೇ ಇರುವ, ಅದಕ್ಕಿಂತ ಭಾರದ ಕಣ) ಎಷ್ಟು ಹೊತ್ತಲ್ಲಿ ಒಡೆಯುತ್ತದೆ, ಝಡ್ ಬೋಸಾನಿನ ಮಾಸ್ ಎಷ್ಟು, ಈ ಮೂರು ಗೊತ್ತಾದ್ರೆ ಡಬ್ಲ್ಯೂ ಎಷ್ಟಿರಬೇಕು ಅಂತ ಮೋಟಾಗಿ ಬರ್ತದೆ.

ಮೋಟಾಗಿ ಯಾಕೆ ಅಂದ್ರೆ ಡಬ್ಲ್ಯೂ ಒಂಟಿಯಾಗಿ ಇರುವುದಿಲ್ಲ. ಕ್ವಾಂಟಂ ಲೆಕ್ಕದಲ್ಲಿ ಅದು ಕ್ಷಣ ಕಾಲ ಬೇರೆ ಕಣಗಳಾಗಿ ಬದಲಾಗಿ ಪುನಃ ಡಬ್ಲ್ಯೂ ಆಗ್ತಾ ಇರ್ತದೆ, ಅದರಿಂದ ಮಾಸ್ ಸ್ವಲ್ಪ ಅತ್ತಿತ್ತ ಆಗ್ತದೆ. ಹೆಚ್ಚು ಪರಿಣಾಮ ಟಾಪ್ ಕ್ವಾರ್ಕಿನದ್ದು (ಕ್ವಾರ್ಕ್ ಅಂದ್ರೆ ಪ್ರೋಟಾನಿನಂಥವನ್ನು ಕಟ್ಟುವ ಮೂಲ ಕಣ, ಅದರಲ್ಲಿ ಅತಿ ಭಾರದ್ದು ಟಾಪ್), ಸ್ವಲ್ಪ ಹಿಗ್ಸಿನದ್ದು. ಟಾಪ್ ಸಿಕ್ಕಿದ್ದು 1995ರಲ್ಲಿ ಫರ್ಮಿಲ್ಯಾಬಲ್ಲಿ, ಹಿಗ್ಸ್ 2012ರಲ್ಲಿ. ಅವೆರಡರ ಮಾಸ್ ಗೊತ್ತಾದ ಮೇಲೆ ಥಿಯರಿಗೆ ಜಾರಿಕೊಳ್ಳಲಿಕ್ಕೆ ಜಾಗವೇ ಉಳಿಯಲಿಲ್ಲ, 80,357 ಅಂದ್ರೆ 80,357. ಇನ್ನು ನಮಗೆ ಗೊತ್ತಿಲ್ಲದ ಭಾರೀ ಕಣ ಯಾವುದಾದ್ರೂ ಇದ್ರೆ, ಅದನ್ನು ಹುಟ್ಟಿಸುವಷ್ಟು ದೊಡ್ಡ ಯಂತ್ರ ನಮ್ಮಲ್ಲಿ ಇಲ್ಲದಿದ್ರೂ, ಅದು ಸಹ ಡಬ್ಲ್ಯೂ ಮಾಸನ್ನು ಸ್ವಲ್ಪ ಸರಿಸೀತು. ಸಿಡಿಎಫ್ ನಂಬರ್ ನೋಡಿ ಜನ ಹಾರಿಬಿದ್ದದ್ದು ಇದಕ್ಕೇ, ಆ 76 ಎಂಇವಿ ಯಾರೋ ಕಾಣದವರ ಕೈವಾಡ ಇರಬಹುದಾ ಅಂತ.

ಎಲೆಕ್ಟ್ರಾನಿನ ಕತೆಯಲ್ಲಿ ವಿವರಣೆ ಅರ್ಧವೇ

ಎಲೆಕ್ಟ್ರಾನ್, ಕ್ವಾರ್ಕುಗಳದ್ದು ಇದೇ ಫೀಲ್ಡ್, ಆದ್ರೆ ಬೇರೆ ಕಾರಣ. ಎಲೆಕ್ಟ್ರಾನಿಗೆ ಎಡಗೈ, ಬಲಗೈ ಅಂತ ಎರಡು ರೂಪ, ಡಬ್ಲ್ಯೂ ಮುಟ್ಟುವುದು ಎಡಗೈಯದ್ದನ್ನು ಮಾತ್ರ. ಮಾಸ್ ಅಂದ್ರೆ ಈ ಎರಡನ್ನೂ ಒಂದಕ್ಕೊಂದು ಕಟ್ಟುವ ಕೊಂಡಿ, ಆದ್ರೆ ಎರಡೂ ಬೇರೆ ಜಾತಿಯವು ಅಂತ ಆದ ಮೇಲೆ ನೇರ ಕಟ್ಟ್ಲಿಕ್ಕೆ ಸಿಮೆಟ್ರಿ ಬಿಡುವುದಿಲ್ಲ. ನಡುವೆ ಹಿಗ್ಸ್ ಫೀಲ್ಡ್ ಬಂದ್ರೆ ಕಟ್ಟಬಹುದು. ಕೊಂಡಿ ಗಟ್ಟಿ ಇದ್ರೆ ಮಾಸ್ ಜಾಸ್ತಿ.

ಕೊಂಡಿ ಎಷ್ಟು ಗಟ್ಟಿ ಅಂತ ಯಾರು ಹೇಳ್ಬೇಕು? ಇಲ್ಲಿ ಥಿಯರಿ ಬಾಯಿ ಮುಚ್ಚಿಕೊಳ್ತದೆ. ಟಾಪ್ ಕ್ವಾರ್ಕಿಗೆ ಆ ನಂಬರ್ ಹೆಚ್ಚುಕಮ್ಮಿ 1, ಎಲೆಕ್ಟ್ರಾನಿಗೆ 0.000003. ಒಂದು ಇನ್ನೊಂದಕ್ಕಿಂತ 3.4 ಲಕ್ಷ ಪಟ್ಟು ಭಾರ. ಯಾಕೆ ಅಂತ ಕೇಳಿದ್ರೆ ಉತ್ತರ ಇಲ್ಲ, ಮಾಸನ್ನು ಅಳೆದು ಅದಕ್ಕೆ ತಕ್ಕ ನಂಬರನ್ನು ಲೆಕ್ಕದಲ್ಲಿ ತುಂಬಿಸುವುದು, ಅಷ್ಟೇ ಈಗ ಆಗುವುದು. ಅಂದ್ರೆ ಡಬ್ಲ್ಯೂ ವಿಷಯದಲ್ಲಿ ಥಿಯರಿ ಮೊದಲೇ ಹೇಳ್ತದೆ, ಎಲೆಕ್ಟ್ರಾನ್ ವಿಷಯದಲ್ಲಿ ಆಮೇಲೆ ಒಪ್ಪಿಕೊಳ್ತದೆ. "ಹಿಗ್ಸ್ ಮಾಸ್ ಕೊಡ್ತದೆ" ಅನ್ನುವಾಗ ಈ ವ್ಯತ್ಯಾಸ ಪೂರಾ ಮುಚ್ಚಿಹೋಗ್ತದೆ, ನನ್ನ ಪ್ರಕಾರ ಗೊಂದಲದ ದೊಡ್ಡ ಪಾಲು ಇಲ್ಲೇ ಇರುವುದು.

ಕೊಂಡಿ ಇರುವುದಂತೂ ಹೌದು. ಮಾಸ್ ಜಾಸ್ತಿ ಇದ್ದಷ್ಟು ಹಿಗ್ಸ್ ಬೋಸಾನ್ ಆ ಕಣದ ಜೊತೆ ಜಾಸ್ತಿ ಸೇರಬೇಕು ಅಂತ ಥಿಯರಿ ಹೇಳ್ತದೆ, ಟೌ, ಬಾಟಮ್, ಟಾಪ್ ಎನ್ನುವ ಮೂರು ಭಾರದ ಕಣಗಳಲ್ಲೂ 2018ರ ಒಳಗೆ ಅದು ಗಟ್ಟಿಯಾಯ್ತು. ಮ್ಯೂಆನಿನದ್ದು ಸೂಚನೆ ಮಾತ್ರ ಸಿಕ್ಕಿದೆ, ಯಾಕೆಂದ್ರೆ ಸುಮಾರು ಐದು ಸಾವಿರ ಹಿಗ್ಸ್ ಹುಟ್ಟಿದ್ರೆ ಒಂದು ಮಾತ್ರ ಮ್ಯೂಆನ್ ಜೋಡಿಯಾಗಿ ಒಡೆಯುವುದು. ಎಲೆಕ್ಟ್ರಾನಿನ ಕೊಂಡಿ ಈಗಿನ ಯಂತ್ರಕ್ಕೆ ಎಟಕುವುದೇ ಇಲ್ಲ, ಎಲ್ಲಾ ಅಣುಗಳಲ್ಲೂ ಇರುವ ಕಣದ್ದೇ ಸಾಬೀತಾಗ್ಲಿಕ್ಕೆ ಬಾಕಿ.

ಒಂದು ಕಿಲೋ ಬಂಗುಡೆಯಲ್ಲಿ ಹಿಗ್ಸ್ ಪಾಲು ಎಷ್ಟು

ಬಂದರಲ್ಲಿ ಒಂದು ಕಿಲೋ ಬಂಗುಡೆ ಮೀನು ತೂಗಿಸಿದ್ರಿ ಅಂತ ಇಟ್ಟುಕೊಳ್ಳಿ. ಅದರ ಮಾಸ್ ಹೆಚ್ಚುಕಮ್ಮಿ ಪೂರಾ ಪ್ರೋಟಾನ್ ಮತ್ತು ನ್ಯೂಟ್ರಾನಿನದ್ದು, ಎಲೆಕ್ಟ್ರಾನುಗಳೆಲ್ಲ ಸೇರಿ ಅರ್ಧ ಗ್ರಾಂ ಸಹ ಆಗುವುದಿಲ್ಲ. ಪ್ರೋಟಾನಿನ ಮಾಸ್ 938 ಎಂಇವಿ. ಅದರೊಳಗೆ ಎರಡು ಅಪ್ ಕ್ವಾರ್ಕು, ಒಂದು ಡೌನ್ ಕ್ವಾರ್ಕು, ಹಿಗ್ಸಿನಿಂದ ಬಂದ ಅವುಗಳ ಮಾಸ್ ಒಟ್ಟು ಸೇರಿಸಿದ್ರೆ ಸುಮಾರು 9 ಎಂಇವಿ. ಅಂದ್ರೆ ಒಂದು ಕಿಲೋದಲ್ಲಿ ನೇರ ಹಿಗ್ಸ್ ಪಾಲು 10 ಗ್ರಾಂ.

ಉಳಿದ 990 ಗ್ರಾಂ ಎಲ್ಲಿಂದ? ಕ್ವಾರ್ಕುಗಳನ್ನು ಕಟ್ಟಿ ಹಾಕಿದ ಸ್ಟ್ರಾಂಗ್ ಫೋರ್ಸಿನಿಂದ. ಆ ಬಲ ಹೊತ್ತು ತರುವ ಗ್ಲೂಆನಿಗೆ ಮಾಸ್ ಇಲ್ಲ, ಆದ್ರೆ ಎನರ್ಜಿ ಉಂಟು. ಕ್ವಾರ್ಕುಗಳನ್ನು ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಕೂಡಿ ಹಾಕಿದ್ದರಿಂದ ಅವು ಬೆಳಕಿನ ವೇಗದ ಹತ್ತಿರ ಹತ್ತಿರ ಓಡ್ತಾ ಇರ್ತವೆ, ಅದರ ಎನರ್ಜಿಯೂ ಉಂಟು. ಈ ಎಲ್ಲ ಎನರ್ಜಿಯನ್ನು ಹೊರಗಿನಿಂದ ನೋಡಿದ್ರೆ ಪ್ರೋಟಾನಿನ ಮಾಸ್ ಅಂತ ಕಾಣ್ತದೆ. ಇದು ಬಾಯಿಮಾತಲ್ಲ, 2008ರಲ್ಲಿ ಸೂಪರ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಪ್ರೋಟಾನ್ ಮಾಸನ್ನು ಕೆಲವೇ ಶೇಕಡಾ ಎರರಿನಲ್ಲಿ ತೆಗೆದಿದ್ದಾರೆ. ಕ್ವಾರ್ಕಿನ ಮಾಸನ್ನು ಪೂರಾ ಸೊನ್ನೆ ಮಾಡಿದ್ರೂ, ಪರೋಕ್ಷ ಪರಿಣಾಮ ಸೇರಿಸಿ ಹೇಳುವುದಾದ್ರೆ, ಪ್ರೋಟಾನಿನ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಹಾಗೇ ಉಳೀತಿತ್ತು.

ಹಾಗಂತ ಆ 10 ಗ್ರಾಂ ಬೇಡ ಅಂತ ಅಲ್ಲ. ಎಲೆಕ್ಟ್ರಾನಿಗೆ ಮಾಸ್ ಕಮ್ಮಿ ಆದಷ್ಟು ಅಣು ದೊಡ್ಡದಾಗ್ತದೆ, ಮಾಸ್ ಸೊನ್ನೆ ಆದ್ರೆ ಅಣುವೇ ಕಟ್ಟಿಕೊಳ್ಳುವುದಿಲ್ಲ, ಬಂಗುಡೆಯೂ ಇಲ್ಲ ತೂಗುವವರೂ ಇಲ್ಲ. ಇನ್ನೊಂದು, ಡೌನ್ ಕ್ವಾರ್ಕ್ ಅಪ್‌ಗಿಂತ ಸ್ವಲ್ಪ ಭಾರ ಇರುವ ಕಾರಣಕ್ಕೆ ನ್ಯೂಟ್ರಾನ್ ಪ್ರೋಟಾನಿಗಿಂತ 1.29 ಎಂಇವಿ ಜಾಸ್ತಿ. ಇದು ಉಲ್ಟಾ ಆಗಿದ್ರೆ ಪ್ರೋಟಾನೇ ಒಡೆದು ನ್ಯೂಟ್ರಾನ್ ಆಗ್ಬಹುದಿತ್ತು, ಆಗ ಹೈಡ್ರೋಜನ್ ಉಳೀತಿರಲಿಲ್ಲ, ಹೈಡ್ರೋಜನ್ ಇಲ್ಲದೆ ನೀರೂ ಇಲ್ಲ.

ನ್ಯೂಟ್ರಿನೋ ಮಾತ್ರ ಯಾವ ಲೆಕ್ಕಕ್ಕೂ ಸಿಗ್ಲಿಲ್ಲ

ಹಳೆಯ ಸ್ಟಾಂಡರ್ಡ್ ಮಾಡೆಲಿನಲ್ಲಿ ನ್ಯೂಟ್ರಿನೋಗೆ ಬಲಗೈ ರೂಪವೇ ಇಲ್ಲ, ಹಾಗಾಗಿ ಕೊಂಡಿ ಇಲ್ಲ, ಮಾಸ್ ಸೊನ್ನೆ. 1998ರಲ್ಲಿ ಜಪಾನಿನ ಸೂಪರ್ ಕಾಮಿಯೋಕಾಂಡೆ ಪ್ರಯೋಗ ಇದನ್ನು ಸುಳ್ಳು ಮಾಡಿತು, ವಾತಾವರಣದಿಂದ ಬರುವ ನ್ಯೂಟ್ರಿನೋಗಳು ದಾರಿಯಲ್ಲಿ ಜಾತಿ ಬದಲಿಸ್ತವೆ, ಮಾಸ್ ಇಲ್ಲದಿದ್ರೆ ಹಾಗೆ ಬದಲಾಗ್ಲಿಕ್ಕೆ ಆಗುವುದಿಲ್ಲ. ಈ ವಾತಾವರಣದ ನ್ಯೂಟ್ರಿನೋಗಳನ್ನು ಮೊದಲು ಹಿಡಿದವರಲ್ಲಿ 1965ರ ನಮ್ಮ ಕೋಲಾರ ಚಿನ್ನದ ಗಣಿಯ ಪ್ರಯೋಗವೂ ಉಂಟು, ನೆಲದ ಕೆಳಗೆ ಎರಡು ಕಿಲೋಮೀಟರಿಗೂ ಆಳದಲ್ಲಿ. ಈಗ ಜರ್ಮನಿಯ ಕಾಟ್ರಿನ್ ಪ್ರಯೋಗ 2025ರಲ್ಲಿ ಹೇಳಿದ ಪ್ರಕಾರ ನ್ಯೂಟ್ರಿನೋ ಮಾಸ್ 0.45 ಎಲೆಕ್ಟ್ರಾನ್ ವೋಲ್ಟಿಗಿಂತ ಕಮ್ಮಿ. ಎಲೆಕ್ಟ್ರಾನಿಗಿಂತ ಹನ್ನೊಂದು ಲಕ್ಷ ಪಟ್ಟಿಗೂ ಹಗುರ.

ಇಲ್ಲಿ ಎರಡು ಪಕ್ಷ. ಬಲಗೈ ರೂಪ ಇದೆ, ನಮಗೆ ಕಂಡಿಲ್ಲ, ಹಿಗ್ಸ್ ಕೊಂಡಿಯೇ ತೀರಾ ಸಡಿಲ ಅನ್ನುವವರು ಒಂದು ಕಡೆ. ಇಲ್ಲ, ನ್ಯೂಟ್ರಿನೋ ತನಗೆ ತಾನೇ ಆಂಟಿ ಕಣ, ಅದಕ್ಕೆ ಮಾಸ್ ಬರುವ ದಾರಿಯೇ ಬೇರೆ ಅನ್ನುವವರು ಇನ್ನೊಂದು ಕಡೆ. ನ್ಯೂಟ್ರಿನೋ ಹೊರಗೆ ಬಾರದ ಡಬಲ್ ಬೀಟಾ ಡಿಕೇ, ಅಂದ್ರೆ ಒಂದು ನ್ಯೂಕ್ಲಿಯಸ್ಸಿನಿಂದ ಒಟ್ಟಿಗೆ ಎರಡು ಎಲೆಕ್ಟ್ರಾನ್ ಮಾತ್ರ ಹೊರಗೆ ಬರುವುದು, ಎಲ್ಲಾದ್ರೂ ಕಂಡ್ರೆ ಎರಡನೇಯವರು ಗೆದ್ದ ಹಾಗೆ. ಹುಡುಕುತ್ತಾ ಇದ್ದಾರೆ, ಒಪ್ಪಿಗೆಯಾಗುವ ಹಾಗೆ ಇನ್ನೂ ಸಿಕ್ಕಿಲ್ಲ.

ಹಾಗಾದ್ರೆ ಡಬ್ಲ್ಯೂ ಜಗಳದಲ್ಲಿ ಯಾರು ಸರಿ

ಅಳೆಯುವುದು ಯಾಕೆ ಕಷ್ಟ ಅಂತ ಮೊದಲು ನೋಡ್ಬೇಕು. ಡಬ್ಲ್ಯೂ ಹುಟ್ಟಿದ ತಕ್ಷಣ ಒಡೀತದೆ, ಅಳೀಲಿಕ್ಕೆ ಬಳಸುವುದು ಅದು ಮ್ಯೂಆನ್ ಮತ್ತು ನ್ಯೂಟ್ರಿನೋ ಆಗಿ, ಇಲ್ಲದಿದ್ರೆ ಎಲೆಕ್ಟ್ರಾನ್ ಮತ್ತು ನ್ಯೂಟ್ರಿನೋ ಆಗಿ ಒಡೆದ ಘಟನೆಗಳನ್ನು. ನ್ಯೂಟ್ರಿನೋ ಡಿಟೆಕ್ಟರಿನಲ್ಲಿ ಯಾವ ಗುರುತೂ ಬಿಡದೆ ಹೋಗಿಬಿಡ್ತದೆ. ಹಾಗಾಗಿ ಅರ್ಧ ಎನರ್ಜಿ ಕಣ್ಣಿಗೇ ಬೀಳುವುದಿಲ್ಲ, ಕಂಡ ಅರ್ಧವನ್ನು ಲಕ್ಷಗಟ್ಟಲೆ ಘಟನೆಗಳಲ್ಲಿ ಸೇರಿಸಿ, ಮಾಸ್ ಇಷ್ಟಿದ್ರೆ ಗ್ರಾಫ್ ಹೀಗೆ ಬರ್ತದೆ ಅಂತ ಕಂಪ್ಯೂಟರಿನಲ್ಲಿ ಮಾಡಿದ ಮಾದರಿಗೆ ಹೋಲಿಸಿ ನೋಡ್ಬೇಕು. ಆ ಮಾದರಿಯಲ್ಲಿ ಪ್ರೋಟಾನಿನೊಳಗೆ ಕ್ವಾರ್ಕುಗಳು ಹೇಗೆ ಹಂಚಿಕೊಂಡಿವೆ ಅನ್ನುವ ಲೆಕ್ಕ ಬರ್ತದೆ, ಡಿಟೆಕ್ಟರಿನ ಅಯಸ್ಕಾಂತದ ಲೆಕ್ಕ ಬರ್ತದೆ, ಎಲ್ಲಾದ್ರೂ ಹತ್ತು ಸಾವಿರದಲ್ಲಿ ಒಂದು ಪಾಲು ತಪ್ಪಿದ್ರೂ 8 ಎಂಇವಿ ಹೋಯ್ತು.

ಸಿಡಿಎಫ್ ಕಡೆಯ ವಾದ ಹಗುರ ಅಲ್ಲ. ಅವರ ಟೆವಟ್ರಾನ್ ಯಂತ್ರದಲ್ಲಿ ಪ್ರೋಟಾನ್ ಮತ್ತು ಆಂಟಿಪ್ರೋಟಾನ್ ಡಿಕ್ಕಿ, ಅಲ್ಲಿ ಡಬ್ಲ್ಯೂ ಹೆಚ್ಚಾಗಿ ಮುಖ್ಯ ಕ್ವಾರ್ಕುಗಳಿಂದಲೇ ಹುಟ್ಟುವುದರಿಂದ ಕ್ವಾರ್ಕ್ ಲೆಕ್ಕದ ಗೊಂದಲ ಕಮ್ಮಿ, ಒಂದೇ ಸಲಕ್ಕೆ ಆಗುವ ಡಿಕ್ಕಿಯೂ ಕಮ್ಮಿ, 42 ಲಕ್ಷದಷ್ಟು ಡಬ್ಲ್ಯೂ ಘಟನೆಗಳನ್ನು ವರ್ಷಗಟ್ಟಲೆ ಕೂತು ತೂಗಿ ನೋಡಿದ್ದಾರೆ. ಎದುರು ಪಕ್ಷದ ಬಲ ಸಂಖ್ಯೆಯಲ್ಲಿ ಉಂಟು. ಸರ್ನ್‌ನ ಅಟ್ಲಾಸ್, ಎಲ್‌ಎಚ್‌ಸಿಬಿ, ಸಿಎಂಎಸ್ ಮೂರೂ ಬೇರೆ ಬೇರೆ ಡಿಟೆಕ್ಟರ್, ಬೇರೆ ಬೇರೆ ಜನ, ಮೂರಕ್ಕೂ ಬಂದದ್ದು ಥಿಯರಿಯ ಹತ್ತಿರವೇ. ಸಿಎಂಎಸ್‌ನದ್ದು ಎರರ್ ಸಹ ಸಿಡಿಎಫ್‌ನಷ್ಟೇ ಸಣ್ಣದು, ಅದೂ ಅಲ್ಲದೆ ಅವರು ತಮ್ಮ ವಿಧಾನವನ್ನು ಮೊದಲೇ ಗೊತ್ತಿರುವ ಝಡ್ ಮಾಸಿನ ಮೇಲೆ ಪ್ರಯೋಗಿಸಿ ಸರಿ ಬರ್ತದಾ ಅಂತ ನೋಡಿಕೊಂಡಿದ್ದಾರೆ. ಎಲ್ಲರದ್ದನ್ನೂ ಸೇರಿಸಿ ಒಂದು ಸರಾಸರಿ ತೆಗೆಯುವಾ ಅಂತ ಹೊರಟ ಜಂಟಿ ತಂಡ ಸಿಡಿಎಫ್ ಬಿಟ್ಟು ಉಳಿದದ್ದು ಮಾತ್ರ ಒಂದಕ್ಕೊಂದು ಹೊಂದ್ತದೆ ಅಂತ ಹೇಳಿ ಬಿಟ್ಟಿತು.

ಹಾಗಾಗಿ ಈಗಿನ ಸ್ಥಿತಿಯಲ್ಲಿ ಥಿಯರಿ ಕಡೆ ತಕ್ಕಡಿ ವಾಲಿದೆ ಅನ್ನುವುದೇ ಸರಿ. ಆದ್ರೆ "ಸಿಡಿಎಫ್ ತಪ್ಪು ಅಂತ ಸಾಬೀತಾಯ್ತು" ಅಂತ ಬರೆಯುವುದು ಸರಿಯಲ್ಲ, ಯಾಕೆಂದ್ರೆ ತಪ್ಪು ಎಲ್ಲಿ ಆಗಿದೆ ಅಂತ ಯಾರೂ ಬೆರಳು ಇಟ್ಟು ತೋರಿಸಿಲ್ಲ.

ಮುಂದೆ ಏನಾಗಬಹುದು

ಡಬ್ಲ್ಯೂ ಸರಿ ಇದ್ರೆ ಹಿಗ್ಸ್ ಲೆಕ್ಕಕ್ಕೆ ಜಯ, ಆದ್ರೆ ವಿಜ್ಞಾನಿಗಳಿಗೆ ಅದರಿಂದ ಪೂರಾ ಖುಷಿ ಇಲ್ಲ. ಹೊಸ ಕಣದ ಸುಳಿವು ಒಂದು ಕಮ್ಮಿ ಆಯ್ತು, ಕಷ್ಟದ ಪ್ರಶ್ನೆಗಳು ಹಾಗೇ ಉಳಿದವು. ಹಿಗ್ಸಿನ ಸ್ವಂತ ಮಾಸ್ ಕ್ವಾಂಟಂ ಲೆಕ್ಕದ ಪ್ರಕಾರ ಎಷ್ಟೋ ಕೋಟಿ ಕೋಟಿ ಪಟ್ಟು ಮೇಲೆ ಹೋಗಬೇಕಿತ್ತು, ಯಾಕೆ 1,25,000ದಲ್ಲೇ ನಿಂತಿದೆ? ಇದಕ್ಕೆ ಸೂಪರ್ ಸಿಮೆಟ್ರಿ, ಅಂದ್ರೆ ಪ್ರತಿ ಕಣಕ್ಕೂ ಒಂದು ಜೊತೆ ಕಣ ಉಂಟು ಅನ್ನುವ ವಾದ, ಉತ್ತರ ಅಂತ ಬಹಳ ಜನ ನಂಬಿದ್ರು, ಅದು ಹೇಳಿದ ಕಣಗಳು ಸರ್ನ್‌ನಲ್ಲಿ ಈವರೆಗೆ ಸಿಗಲಿಲ್ಲ. ಹಿಗ್ಸ್ ಮೂಲ ಕಣವೇ ಅಲ್ಲ, ಒಳಗೆ ಇನ್ನೇನೋ ಉಂಟು ಅನ್ನುವವರೂ ಇದ್ದಾರೆ, ಅವರಿಗೂ ಸಾಕ್ಷಿ ಇಲ್ಲ.

ಹೊಸ ಯಂತ್ರ ಬೇಕಾ ಅನ್ನುವ ಜಗಳ ಹುಟ್ಟುವುದು ಇಲ್ಲಿಂದ. ಸರ್ನ್‌ನ ಈಗಿನ ಯಂತ್ರವನ್ನು ನಿಲ್ಲಿಸಿ ಹೆಚ್ಚು ಡಿಕ್ಕಿ ಮಾಡುವ ಹಾಗೆ ಬದಲಾಯಿಸಿ 2030ರ ಸುಮಾರಿಗೆ ಪುನಃ ಶುರು ಮಾಡುವ ಯೋಜನೆ ಉಂಟು, ಆಗ ಮ್ಯೂಆನ್ ಕೊಂಡಿ ಗಟ್ಟಿಯಾಗಿ ಗೊತ್ತಾದೀತು, ಹಿಗ್ಸ್ ಫೀಲ್ಡ್ ತನ್ನ ಜೊತೆ ತಾನೇ ಹೇಗೆ ವರ್ತಿಸ್ತದೆ ಅನ್ನುವುದರ ಮೊದಲ ಸುಳಿವೂ ಸಿಗಬಹುದು. ಅದರ ನಂತರಕ್ಕೆ 91 ಕಿಲೋಮೀಟರ್ ಸುತ್ತಳತೆಯ ಹೊಸ ಸುರಂಗದ ಪ್ರಸ್ತಾಪ, ಮೊದಲ ಹಂತಕ್ಕೇ ಸುಮಾರು 15 ಶತಕೋಟಿ ಸ್ವಿಸ್ ಫ್ರಾಂಕ್, ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷ ಕೋಟಿ ರೂಪಾಯಿಗೂ ಮೇಲೆ. ಬೇಕು ಅನ್ನುವವರು ಹೇಳುವುದು ಡಬ್ಲ್ಯೂ ಮಾಸನ್ನು ಅದು 1 ಎಂಇವಿಗಿಂತ ಸಣ್ಣ ಎರರಿನಲ್ಲಿ ಅಳೀತದೆ, ಎಲೆಕ್ಟ್ರಾನ್ ಕೊಂಡಿಯ ಹತ್ತಿರವೂ ಹೋಗಬಹುದು ಅಂತ. ಬೇಡ ಅನ್ನುವವರ ಪ್ರಶ್ನೆ, ಹೊಸ ಕಣ ಸಿಕ್ಕಿಯೇ ಸಿಗ್ತದೆ ಅಂತ ಗ್ಯಾರಂಟಿ ಇಲ್ಲದೆ ಇಷ್ಟು ದುಡ್ಡು ಹೇಗೆ ಹಾಕುವುದು ಅಂತ. 2012ಕ್ಕೆ ಮೊದಲು ಗ್ಯಾರಂಟಿ ಇತ್ತು, ಹಿಗ್ಸ್ ಇಲ್ಲದಿದ್ರೆ ಲೆಕ್ಕ ಮುರಿಯಲೇಬೇಕಿತ್ತು, ಏನಾದ್ರೂ ಒಂದು ಸಿಕ್ಕೇ ಸಿಗ್ತಿತ್ತು. ಈಗ ಅದಿಲ್ಲ, ಆ ಮಟ್ಟಿಗೆ ಬೇಡ ಅನ್ನುವವರ ಮಾತಲ್ಲಿ ಹುರುಳಿದೆ. ಭಾರತ 2017ರಿಂದ ಸರ್ನ್‌ನ ಅಸೋಸಿಯೇಟ್ ಸದಸ್ಯ, ನಮ್ಮವರು ಸಿಎಂಎಸ್‌ನಲ್ಲಿ ಕೆಲಸ ಮಾಡ್ತಾರೆ, ಹಾಗಾಗಿ ಈ ಚರ್ಚೆ ಇವತ್ತಲ್ಲ ನಾಳೆ ದೆಹಲಿಗೂ ಬರ್ತದೆ.

ಸಿಡಿಎಫ್ ನಂಬರಿನ ಗತಿ ಮಾತ್ರ ಬೇರೆಯೇ. ಟೆವಟ್ರಾನ್ 2011ರಲ್ಲೇ ಬಂದ್ ಆಗಿದೆ, ಪುನಃ ಓಡಿಸಿ ನೋಡುವಾ ಅಂದ್ರೆ ಆಗ್ಲಿಕ್ಕಿಲ್ಲ. ಇರುವ ಹಳೆ ಡೇಟಾವನ್ನು ಯಾರಾದ್ರೂ ಮತ್ತೆ ಬಿಚ್ಚಿ, ಆ 76 ಎಂಇವಿ ಯಾವ ಹಂತದಲ್ಲಿ ನುಸುಳಿತು ಅಂತ ಹುಡುಕಬೇಕು, ಅಲ್ಲಿವರೆಗೆ ಅದು ಪಟ್ಟಿಯಲ್ಲಿ ಹಾಗೇ ಇರ್ತದೆ, ಸರಾಸರಿಗೆ ಸೇರದೆ.